ಪಿಂಫಾಲಿಯಾದವರು

ಗ್ಲೌನ್‌ಬೆಗ್, ಕಾರ್ಕ್
ಪೆಂತೆಕೋಸ್ತ್ ಹಬ್ಬದ ಮರುದಿನ, ಸೋಮವಾರ
9 ಜೂನ್ 2025

ಪ್ರೀತಿಯ ಟೈಗ್,

ಹೇಗಿದ್ದೀಯ? ಬಲಗಾಲಿನ ಊತ ಇಳಿಯಿತೇ? ಆಸ್ಪತ್ರೆಯ ಓಟ್ಸ್ ಗಂಜಿ ನೀರುನೀರು ಎಂದು ಮುಖ ಸಿಂಡರಿಸಿಕೊಂಡು ತಟ್ಟೆ ತಳ್ಳುತ್ತೀಯಂತೆ, ನರ್ಸಮ್ಮ ಹೇಳಿದಳು. ಸುಮ್ಮನೆ ತಿನ್ನು. ನಲವತ್ತೆರಡು ವರ್ಷ ನಾನು ಮಾಡಿದ್ದನ್ನು ಕಮಕ್ ಕಿಮಕ್ ಎನ್ನದೆ ತಿಂದವನಿಗೆ ಇದೇನು ಮಹಾ. ಈ ಕಾಗದವನ್ನು ಕ್ಲೋಡಾ ನಿನ್ನ ಪಕ್ಕ ಕೂತು ಓದಿ ಹೇಳುತ್ತಾಳೆಂದು ಗೊತ್ತು. ನಿನಗೆ ಮಾತು ಕಲಿಸುವ ಆ ಹುಡುಗಿಯೇ ಹೋದ ಸಲ ನನ್ನನ್ನು ವರಾಂಡಕ್ಕೆ ಕರೆದು, "ನೋನಿ, ಫೋನ್ ಬೇಡ, ಕಾಗದ ಬರೀರಿ. ಫೋನಲ್ಲಾದ್ರೆ ಏನಾದ್ರೂ ಉತ್ತರ ಕೊಡಬೇಕಲ್ಲಾ ಅಂತ ಒದ್ದಾಡ್ತಾರೆ, ಕಾಗದಕ್ಕೆ ಆ ಸಂಕಟ ಇಲ್ಲ" ಎಂದಳು. ಕ್ಲೋಡಾ ಮಗಳೇ, ನಿನಗೊಂದು ಮಾತು. ಎಲ್ಲಾದರೂ "ಇದನ್ನು ಗಟ್ಟಿಯಾಗಿ ಓದಬೇಡ" ಎಂದು ಬರೆದಿದ್ದರೆ, ಆ ಸಾಲನ್ನು ಅವನ ಕಣ್ಣೆದುರು ಹಿಡಿ, ಅವನೇ ನಿಧಾನವಾಗಿ ಓದಿಕೊಳ್ಳಲಿ. ಪಕ್ಕದ ಮಂಚದ ಮುದುಕಪ್ಪನಿಗೆ ಕಿವಿ ಬಹಳ ಚುರುಕು, ನಾನು ನೋಡಿದ್ದೇನೆ.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಇದ್ದ ಹಾಗೇ ಇದೆ. ಹಸುಗಳೂ ಚೆನ್ನಾಗಿವೆ. ಬ್ಯಾಟ್ ಬೆಳಗಿನ ಕರಾವು ಮಾಡುತ್ತಾನೆ, ಸಂಜೆಯದು ನನ್ನದು. ಒಂದು ವಾರ ಮಳೆ ಇರಲಿಲ್ಲ, ಆ ಸಂದಿಯಲ್ಲೇ ಕೆಳಗಿನ ಎರಡು ಹೊಲಗಳ ಹುಲ್ಲು ಕೊಯ್ದು ಮೂಟೆ ಕಟ್ಟಿಸಿಬಿಟ್ಟ. ನೆರೆಯವನೆಂದರೆ ಹೀಗಿರಬೇಕು ಎಂದು ಹೊಗಳೋಣ ಎಂದುಕೊಂಡರೆ, ಬಾಗಿಲಲ್ಲಿ ನಿಂತು, "ಟೈಗ್‌ಗೆ ಹೇಳು, ಅವನ ಹುಲ್ಲಿಗಿಂತ ಅವನ ಕಳೆ ಚೆನ್ನಾಗಿ ಬೆಳೆದಿದೆ ಅಂತ" ಎಂದು ಹಲ್ಲುಕಿರಿದ. ಹೇಳಿದ್ದೇನೆ. ಹಸುಗಳಲ್ಲಿ ಡಚೆಸ್ ಮಾತ್ರ ಕೊಸರಾಡುತ್ತಾಳೆ. ಹಾಲು ಕರೆಯುವ ಮನೆಯೊಳಗೆ ಬಂದವಳೇ ನಿನ್ನ ಜಾಗದತ್ತ ಕತ್ತು ತಿರುಗಿಸಿ ನಿಲ್ಲುತ್ತಾಳೆ, ಮುಂದಕ್ಕೆ ಹೋಗುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹೋದ ತಿಂಗಳು ನಾನು ತಂದ ಚರ್ಚಿನ ವಾಚಕರ ಪಟ್ಟಿಯಲ್ಲಿ ಪೆಂತೆಕೋಸ್ತ್ ಭಾನುವಾರದ ಎದುರು ನಿನ್ನ ಹೆಸರು ನೋಡಿದ ಕೂಡಲೇ ನೀನು ಎಡಗೈಯಲ್ಲಿ ಪೆನ್ಸಿಲ್ ಕಿತ್ತುಕೊಂಡು ಹೊಡೆದುಹಾಕಿದೆಯಲ್ಲ, ಹಾಳೆ ಹರಿದು ಕೆಳಗಿನ ಹಾಸಿಗೆಗೂ ಗೆರೆ ಬಿತ್ತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ. ನಾನು ಮ್ಯಾಲೋ ನಿಲ್ದಾಣಕ್ಕೆ ಬರುವವರೆಗೂ ರೈಲಿನಲ್ಲಿ ಅತ್ತೆ. (ಇದನ್ನು ಗಟ್ಟಿಯಾಗಿ ಓದಬೇಡ.) ಮೂವತ್ತೊಂದು ವರ್ಷ ಆ ಪೀಠದ ಮುಂದೆ ನಿಂತು ಓದಿದವನು ನೀನು. ಪಾರ್ಶ್ವವಾಯು ಬಡಿದ ಈ ಹನ್ನೊಂದು ವಾರದಲ್ಲಿ ಕೈ ಹೋಯಿತು, ಕಾಲು ಹೋಯಿತು ಎಂದು ನೀನು ಒಂದು ಸಲವೂ ಗೋಡೆಗೆ ತಿರುಗಿದವನಲ್ಲ. ಹೆಸರು ಹೊಡೆದುಹಾಕಿದ ದಿನ ತಿರುಗಿದೆ. ಅವತ್ತು ಮಾತು ಕೊಟ್ಟಿದ್ದೆ, ಫಾದರ್ ಹತ್ತಿರ ಹೋಗಿ ನಿನ್ನ ಹೆಸರು ತೆಗೆಸುತ್ತೇನೆಂದು. ಮಾತಿನಂತೆ ಹೋದ ಬುಧವಾರ ಆ ಹರಿದ ಹಾಳೆಯನ್ನೇ ಹಿಡಿದುಕೊಂಡು ಹೋದೆ. ಫಾದರ್ ಇಕೆನ್ನಾ ಚಹಾ ಮಾಡಿದರು, ಎಂದಿನಂತೆ ನಾಲ್ಕು ಚಮಚ ಸಕ್ಕರೆ ಸುರಿದು. ಹಾಳೆಯನ್ನು ಎರಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಎಡಗೈಗೆ ಇಷ್ಟು ಶಕ್ತಿ ಬಂದಿದೆಯಾ? ಒಳ್ಳೇದೇ ಆಯ್ತು" ಎಂದರು. ಆಮೇಲೆ, "ಹೆಸರಿನ ವಿಚಾರ ಇರ್ಲಿ ನೋನಿ, ಈ ಭಾನುವಾರ ಓದೋರು ಯಾರು, ಅದನ್ನ ಹೇಳಿ ಮೊದಲು" ಎಂದು ಗಂಟುಬಿದ್ದರು.

ಪೆಂತೆಕೋಸ್ತ್ ಎಂದರೆ ನಮ್ಮೂರಿನಲ್ಲಿ ಯಾರೂ ಹತ್ತಿರ ಸುಳಿಯುವುದಿಲ್ಲ, ನಿನಗೇ ಗೊತ್ತು. ಬಿರುಗಾಳಿ ಬೀಸಿ, ಬೆಂಕಿಯ ನಾಲಗೆಗಳು ಇಳಿದು, ಶಿಷ್ಯರೆಲ್ಲ ಬೇರೆ ಬೇರೆ ಭಾಷೆಯಲ್ಲಿ ಮಾತನಾಡತೊಡಗುವವರೆಗೆ ಎಲ್ಲವೂ ಸಲೀಸು. ಆಮೇಲೆ ಬರುತ್ತದೆ ನೋಡು ಆ ಊರುಗಳ ಸಾಲು. ಶಾಲೆಯ ಮೇಡಂಗೆ ಸರಿಯಾಗಿ ಅದೇ ಭಾನುವಾರ ಮದುವೆಯೊಂದಕ್ಕೆ ಹೋಗಬೇಕಿತ್ತು, ಪ್ರತಿ ವರ್ಷ ಅವಳಿಗೆ ಅದೇ ಭಾನುವಾರವೇ ಮದುವೆ. ಬ್ಯಾಟ್‌ನನ್ನು ಕೇಳಿದರೆ, "ಅಯ್ಯೋ ಫಾದರ್, ಆ ಊರುಗಳ ಹೆಸರು ಓದೋಕ್ಕಿಂತ ಆ ಊರುಗಳಿಗೇ ಹೋಗಿಬರೋದು ಸುಲಭ" ಎಂದನಂತೆ. ಉಳಿದವಳು ನಾನು. ಹದಿನಾಲ್ಕಕ್ಕೆ ಶಾಲೆ ಬಿಟ್ಟವಳು, ನಾಲ್ಕು ಜನರ ಮುಂದೆ ನಿಂತು ಕೆಮ್ಮಲೂ ಹೆದರುವವಳು. ಆಗುವುದೇ ಇಲ್ಲ ಎಂದೆ. ಅದಕ್ಕೆ ಫಾದರ್, "ಊರಲ್ಲಿ ಆ ವಾಚನವನ್ನ ನಿಮ್ಮಷ್ಟು ಸಲ ಕೇಳಿದೋರು ಇನ್ಯಾರಿದ್ದಾರೆ?" ಎಂದರು.

ನಿಜವನ್ನೇ ಹೇಳಿದ್ದರು. ನಿನ್ನ ವಾಚನವಿದ್ದ ವಾರಗಳಲ್ಲೆಲ್ಲ ಬುಧವಾರದಿಂದ ಶನಿವಾರದವರೆಗೆ ದಿನಕ್ಕೆರಡು ಹೊತ್ತು ನೀನು ಹಸುಗಳಿಗೆ ಓದಿ ಹೇಳುತ್ತಿದ್ದೆ, ನಾನು ಪಕ್ಕದಲ್ಲಿ ಕೆಚ್ಚಲು ಒರೆಸುತ್ತಿದ್ದೆ. ಭಾನುವಾರ ಬರುವ ಹೊತ್ತಿಗೆ ಎಂಟು ಸಲ ಕೇಳಿ ಮುಗಿದಿರುತ್ತಿತ್ತು. ಈಗ ಒಪ್ಪಿಕೊಳ್ಳುತ್ತೇನೆ ಟೈಗ್, ಮೂವತ್ತೊಂದು ವರ್ಷ ಚರ್ಚಿನಲ್ಲಿ ನೀನು ಓದುವಾಗ ನಾನು ಒಂದಕ್ಷರ ಕೇಳಿದವಳಲ್ಲ. ನಿನ್ನ ಕಾಲರ್ ನೆಟ್ಟಗಿದೆಯೇ ಎಂದು ನೋಡುತ್ತಿದ್ದೆ ಅಷ್ಟೇ. ಓದಿ ಬಂದ ಮೇಲೆ ಅದರಿಂದ ಒಂದು ಸಾಲು ಹೆಕ್ಕಿ ಹಾಲಿನ ಕೋಣೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಆ ವಾರವೆಲ್ಲ ಹಾಗೇ ಬದುಕಬೇಕು ಎಂದು ಹಟ ಹಿಡಿಯುತ್ತಿದ್ದೆಯಲ್ಲ, ನನಗೆ ನಿಜವಾದ ಪಾಡು ಇದ್ದದ್ದು ಅದರಲ್ಲಿ. ಎರಡು ಅಂಗಿ ಇರುವವನು ಇಲ್ಲದವನಿಗೆ ಕೊಡಲಿ ಎಂಬ ವಾರ ನಾನು ಕ್ರಿಸ್‌ಮಸ್‌ಗೆಂದು ನಿನಗೆ ತೆಗೆದ ಹೊಸ ಕೋಟು ಬ್ಯಾಟ್‌ನ ಪಾಲಾಯಿತು. ಅವನಿಗೆ ಆಗಲೇ ಮೂರು ಕೋಟು ಇದ್ದವು. ಸೂರ್ಯ ಮುಳುಗುವ ಮುನ್ನ ಸಿಟ್ಟು ಬಿಡಿ ಎಂಬ ವಾರ ಮಾತ್ರ ನಾನೇ ಗೆದ್ದೆ. ಅದು ಆಗಸ್ಟ್. ನೀನು ಬಾಗಿಲು ತೋರಿಸಿ ಗೊಣಗಿದಾಗಲೆಲ್ಲ, "ಇನ್ನೂ ಹೊತ್ತು ಮುಳುಗಿಲ್ಲ ಮಹಾರಾಯ, ಒಂಬತ್ತರ ತನಕ ಟೈಮಿದೆ" ಎಂದು ಧಾರಾಳವಾಗಿ ಬೈದೆ. ಮುಂದಿನ ಸಲ ಅದೇ ಸಾಲನ್ನು ಡಿಸೆಂಬರಿನಲ್ಲಿ ಬರೆದೆಯಲ್ಲ ಕಳ್ಳ, ನಾಲ್ಕೂವರೆಗೇ ಬಾಯಿ ಮುಚ್ಚಬೇಕಾಯಿತು.

ಬುಧವಾರ ಸಂಜೆ ನಿನ್ನ ಡ್ರಾಯರ್ ತೆಗೆದು ಪೆಂತೆಕೋಸ್ತಿನ ಹಾಳೆ ಹುಡುಕಿದೆ. ಮಡಿಕೆಯಲ್ಲಿ ಸವೆದು ನಾಲ್ಕು ತುಂಡಾಗಿದೆ, ಅಂಟುಪಟ್ಟಿಯ ಮೇಲೆ ಅಂಟುಪಟ್ಟಿ. ಒಂದೊಂದು ಊರಿನ ತಲೆಯ ಮೇಲೂ ನಿನ್ನ ಪೆನ್ಸಿಲ್ಲಿನ ಅಕ್ಷರ, ಬಿಡಿಸಿ ಬಿಡಿಸಿ: ಪಾರ್-ಥಿ-ಯರು, ಎ-ಲಾ-ಮಿ-ಯರು, ಕಪ್-ಪ-ದೋ-ಕಿ-ಯ. ಫ್ರಿಗಿಯಾದ ಪಕ್ಕ ನೋಡುತ್ತೇನೆ, ಅಚ್ಚಿನಲ್ಲಿ ಪಂಫೀಲಿಯಾ ಎಂದಿದೆ, ಅದರ ಮೇಲೆ ನಿನ್ನ ಕೈಬರಹ: ಪಿಂ-ಫಾ-ಲಿ-ಯಾ! ಅಯ್ಯೋ ದೇವರೇ, ಮೂವತ್ತೊಂದು ವರ್ಷ! ಒಂದು ವರ್ಷ ನಿನಗೆ ಜ್ವರ ಬಂದು, ಪಕ್ಕದೂರಿನ ಫಾದರ್ ತಾವೇ ಓದಿ ಪಂಫೀಲಿಯಾ ಎಂದಾಗ, ಪೂಜೆ ಮುಗಿದ ಮೇಲೆ ಬ್ಯಾಟ್ ಅವರನ್ನು ಬಾಗಿಲಲ್ಲಿ ತಡೆದು, "ಬೇಜಾರು ಮಾಡ್ಕೋಬೇಡಿ ಫಾದರ್, ಆ ಊರಿನ ಹೆಸರು ನಿಮಗೆ ಸರಿಯಾಗಿ ಗೊತ್ತಿಲ್ಲ ಅಂತ ಕಾಣುತ್ತೆ" ಎಂದದ್ದು ನೆನಪಿದೆಯೇ? ನಾವೆಲ್ಲ ತಲೆಯಾಡಿಸಿದ್ದೆವು. ನಾನು ಹಾಲಿನ ಡಬ್ಬದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು ನಕ್ಕು ಯಾವಾಗ ಅಳು ಶುರುವಾಯಿತೋ ತಿಳಿಯಲಿಲ್ಲ. ಆ ಹಾಳೆಯ ತುಂಬ ನಿನ್ನ ದನಿ ಇತ್ತು.

ಮೂರು ದಿನ ಅಭ್ಯಾಸ ಮಾಡಿದೆ. ಹಸುಗಳು ನನ್ನನ್ನು ನೋಡಿದ ನೋಟವನ್ನು ನೀನು ನೋಡಬೇಕಿತ್ತು, ಹೊಸ ಕೆಲಸದವಳನ್ನು ಯಜಮಾನಿತಿಯರು ನೋಡುವ ಹಾಗೆ. ಓದುತ್ತಾ ಓದುತ್ತಾ ಶುಕ್ರವಾರ ಒಂದು ಕಡೆ ಥಟ್ಟನೆ ನಿಂತುಬಿಟ್ಟೆ. ಪ್ರತಿಯೊಬ್ಬನೂ ತನ್ನ ತನ್ನ ಭಾಷೆಯಲ್ಲಿ ಕೇಳಿದನು ಎಂದಿದೆಯಲ್ಲ, ಅಲ್ಲಿ. ಚಿಕ್ಕಂದಿನಿಂದ ನಾನು ಇದನ್ನು ಮಾತಿನ ಪವಾಡ ಎಂದೇ ತಿಳಿದಿದ್ದೆ. ಆ ಮೀನುಗಾರರಿಗೆ ಇದ್ದಕ್ಕಿದ್ದಂತೆ ಹದಿನೈದು ಭಾಷೆ ಬಂದುಬಿಟ್ಟಿತು ಎಂದು. ಅಷ್ಟೇ ಅಲ್ಲವಲ್ಲ ಟೈಗ್! ಕೇಳುವವರ ಕಿವಿಗೂ ಏನೋ ಆಗಿರಲೇಬೇಕು. ಅವರು ನಿಂತು ಕೇಳದೆ ಹೋಗಿದ್ದರೆ, ಬೆಳಿಗ್ಗೆಯೇ ಕುಡಿದು ಬಂದಿದ್ದಾರೆ ಎಂದು ನಗುತ್ತಿದ್ದವರ ಜೊತೆ ಸೇರಿ ನಡೆದುಬಿಟ್ಟಿದ್ದರೆ, ಏನಾಗುತ್ತಿತ್ತು? ಬೆಂಕಿಯ ನಾಲಗೆ ಇಳಿದೂ ದಂಡ.

ನಿನ್ನ ಬಾಯಲ್ಲಿ ಈಗ ಉಳಿದಿರುವುದು ಒಂದೇ ಪದ, ಗುರುವಾರ. ಚಹಾ ಬೇಕೇ ಎಂದರೂ ಗುರುವಾರ, ನೋವಿದೆಯೇ ಎಂದರೂ ಗುರುವಾರ. ಅದು ಹೊರಗೆ ಬಂದಾಗಲೆಲ್ಲ ನಿನಗೆ ಎಷ್ಟು ನಾಚಿಕೆಯಾಗುತ್ತದೆಂದು ನನಗೆ ಗೊತ್ತು. ಮೊದಮೊದಲು ನಾನೂ ಮಾತು ಮರೆಸಿ ಹವಾಮಾನದ ಸುದ್ದಿ ತೆಗೆಯುತ್ತಿದ್ದೆ. ಆದರೆ ಹಾಲಿನ ಕೋಣೆಯಲ್ಲಿ ನಿಂತು ಲೆಕ್ಕ ಹಾಕಿದೆ, ನಿನ್ನ ಗುರುವಾರಗಳಲ್ಲಿ ಆರೇಳು ಬಗೆ ನನಗೆ ಚೆನ್ನಾಗಿ ಅರ್ಥವಾಗುತ್ತವೆ. ಗಂಜಿ ತಳ್ಳುವಾಗಿನದು ಚಿಕ್ಕದು, ಕೊನೆಯಲ್ಲಿ ಮೊಂಡು. ಡಚೆಸ್ ಬಗ್ಗೆ ವಿಚಾರಿಸುವಾಗಿನದು ಮೇಲಕ್ಕೆ ಏರುತ್ತದೆ. ನಾನು ಹೊರಡಲು ಕೋಟು ತೊಡುವಾಗ ಹೇಳುತ್ತೀಯಲ್ಲ, ಮೆಲ್ಲಗೆ, ಅದೊಂದನ್ನು ಕೇಳಿದರೆ ನನಗೆ ಗುಂಡಿ ಹಾಕಿಕೊಳ್ಳಲು ಆಗುವುದಿಲ್ಲ. ನಲವತ್ತೆರಡು ವರ್ಷ ಬಾಯಿತುಂಬ ಮಾತಿದ್ದಾಗ ನೀನು ನನಗೆ ಅದನ್ನು ಅಷ್ಟು ಚೆನ್ನಾಗಿ ಹೇಳಿರಲಿಲ್ಲ. (ಇದನ್ನೂ ಗಟ್ಟಿಯಾಗಿ ಓದಬೇಡ ಕ್ಲೋಡಾ. ನೀನು ಅಳಬೇಡ, ಕೆಲಸ ನೋಡು.) ಈ ವಾರದ ಸಾಲನ್ನು ನಾನೇ ಬಾಗಿಲ ಮೇಲೆ ಬರೆದಿದ್ದೇನೆ, ನಿನ್ನ ಸೀಮೆಸುಣ್ಣದಿಂದ. ತನ್ನ ತನ್ನ ಭಾಷೆಯಲ್ಲಿ ಕೇಳಿದನು. ಬರಹ ಸ್ವಲ್ಪ ಇಳಿಜಾರಾಗಿದೆ.

ಇನ್ನು ಭಾನುವಾರದ ಕಥೆ. ಫಾದರ್ ಕೆಂಪು ಉಡುಪು ತೊಟ್ಟಿದ್ದರು. ಹಬ್ಬವೆಂದು ಚರ್ಚು ಮುಕ್ಕಾಲು ತುಂಬಿತ್ತು. ನಾನು ನೀಲಿ ಕಾರ್ಡಿಗನ್ ಹಾಕಿದ್ದೆ. ಪೀಠದ ತನಕ ಹೇಗೆ ನಡೆದೆನೋ ಗೊತ್ತಿಲ್ಲ. ಗಾಳಿ, ಬೆಂಕಿ ಎಲ್ಲ ದಾಟಿದೆ. ಪಾರ್ಥಿಯರು, ಮೇದ್ಯರು, ಎಲಾಮಿಯರು ದಾಟಿದೆ. ಕಪ್ಪದೋಕಿಯ ಕೂಡ. ಫ್ರಿಗಿಯಾ ಎಂದೆ, ಅಲ್ಲಿಗೆ ನಿಂತೆ. ಚರ್ಚಿನ ದೊಡ್ಡ ಪುಸ್ತಕದಲ್ಲಿ ಪಂಫೀಲಿಯಾ ಎಂದು ದಪ್ಪ ಅಕ್ಷರದಲ್ಲಿದೆ, ನನ್ನ ಬಾಯಲ್ಲಿ ನಿನ್ನದು ಕೂತಿದೆ. ಸರಿಯಾದದ್ದನ್ನು ಓದಿದರೆ ಇಷ್ಟು ವರ್ಷ ನೀನು ತಪ್ಪು ಓದಿದೆ ಎಂದು ಊರಿಗೆಲ್ಲ ಸಾರಿದಂತೆ. ನಿನ್ನದನ್ನು ಓದಿದರೆ ದೇವರ ವಾಕ್ಯವನ್ನೇ ತಿರುಚಿದಂತೆ. ಯಾವುದೂ ಹೊರಡಲಿಲ್ಲ. ಒಂದು ಕ್ಷಣ, ಎರಡು ಕ್ಷಣ, ಯಾರೋ ಬೆಂಚು ಕಿರುಗುಟ್ಟಿಸಿದರು. ಮಾತು ಬಾಯಲ್ಲೇ ಇದ್ದೂ ಹೊರಗೆ ಬರದೆ ಜನರೆದುರು ನಿಲ್ಲುವುದೆಂದರೆ ಏನೆಂದು ಆಗ ನನಗೆ ತಿಳಿಯಿತು, ಟೈಗ್. ನೀನು ದಿನವೂ ಹೀಗೇ ನಿಂತಿರುತ್ತೀಯ.

ಅಷ್ಟರಲ್ಲಿ ಮೂರನೆಯ ಸಾಲಿನಿಂದ ಬ್ಯಾಟ್ ಗಂಟಲು ಸರಿಮಾಡಿಕೊಂಡು, ದನಗಳನ್ನು ಕೂಗಿ ಕರೆಯುವ ದನಿಯಲ್ಲಿ, "ಪಿಂಫಾಲಿಯಾ!" ಎಂದ. ಅವನ ಹಿಂದೆ ಯಾರೋ ಪಿಂಫಾಲಿಯಾ ಎಂದರು. ಆಮೇಲೆ ಇಡೀ ಚರ್ಚು. ಅಲ್ಲಿಗೂ ಬಿಡಲಿಲ್ಲ, ನನ್ನ ಜೊತೆಯಲ್ಲೇ ಹೊರಟರು, ಐಗುಪ್ತ, ಕುರೇನೆಯ ಬಳಿಯ ಲಿಬಿಯಾ, ರೋಮಿನಿಂದ ಬಂದವರು, ಕ್ರೇತ್ಯರು, ಅರಬ್ಬರು, ನೀನು ಎಳೆಯುವಲ್ಲಿ ಎಳೆದು, ನೀನು ಉಸಿರು ತೆಗೆಯುವಲ್ಲಿ ಉಸಿರು ತೆಗೆದು. ಯಾರ ಕೈಯಲ್ಲೂ ಹಾಳೆ ಇರಲಿಲ್ಲ. ಒಂದು ಊರನ್ನೂ ಓದಲಾರೆವು ಎಂದು ತಪ್ಪಿಸಿಕೊಂಡ ಈ ಜನಕ್ಕೆ ಅಷ್ಟೂ ಬಾಯಿಪಾಠ! ನಾನು ಕಾಲರ್ ನೋಡುತ್ತಿದ್ದಾಗ ಇವರು ಕೇಳುತ್ತಿದ್ದರು. ಫಾದರ್ ಕುರ್ಚಿಯಲ್ಲಿ ಕೂತಲ್ಲೇ ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಆಮೇಲೆ ಪ್ರವಚನಕ್ಕೆ ಎದ್ದು, "ಈ ಊರಿನ ಹೆಸರನ್ನ ನನ್ನ ತಾಯಿ ಇಗ್ಬೋ ಭಾಷೆಯಲ್ಲಿ ಒಂದು ರೀತಿ ಹೇಳಿಕೊಟ್ಟಳು, ಗುರುಮಠದಲ್ಲಿ ಇನ್ನೊಂದು ರೀತಿ ಕಲಿಸಿದರು. ಇಲ್ಲಿಗೆ ಬಂದ ಮೇಲೆ ನಮ್ಮ ಟೈಗ್ ಕಲಿಸಿದ್ದು ಮೂರನೇದು. ಪವಿತ್ರಾತ್ಮರಿಗೆ ಮೂರೂ ಅರ್ಥ ಆಗುತ್ತೆ" ಎಂದು ಕೂತುಬಿಟ್ಟರು. ಅಷ್ಟೇ ಪ್ರವಚನ. ಜನ ಅದಕ್ಕೂ ಬಹಳ ಸಂತೋಷಪಟ್ಟರು.

ಹೊರಗೆ ಬಂದ ಮೇಲೆ ಎಲ್ಲರೂ ನನ್ನ ಕೈ ಕುಲುಕಿದರು. ನನಗೆ ಹೆಮ್ಮೆಯೂ ಆಯಿತು, ನಿನ್ನ ಮೇಲೆ ಸಿಟ್ಟೂ ಬಂತು. ಈ ಜನರ ಮುಂದೆಯೇ ನಿನಗೆ ನಾಚಿಕೆ? ನಿನ್ನ ತಪ್ಪನ್ನೇ ವೇದವೆಂದು ಮೂವತ್ತು ವರ್ಷ ನಂಬಿದವರ ಮುಂದೆ? ಸಂಜೆ ಕರಾವಿನಲ್ಲಿ ಡಚೆಸ್‌ಗೂ ಇದನ್ನೇ ಕೇಳಿದೆ. ಹೊತ್ತು ಮುಳುಗುವ ತನಕ ಸಿಟ್ಟು ಇಟ್ಟುಕೊಂಡು, ಆಮೇಲೆ ಬಿಟ್ಟೆ. ಜೂನ್ ತಿಂಗಳು, ಹತ್ತು ಗಂಟೆಯಾಗಿತ್ತು.

ಬ್ಯಾಟ್ ನಿನ್ನ ಆರೋಗ್ಯ ವಿಚಾರಿಸಿದ್ದಾನೆ ಎಂದು ಹೇಳಬೇಕಂತೆ. ಫಾದರ್ ದಿನವೂ ಪೂಜೆಯಲ್ಲಿ ನಿನ್ನ ಹೆಸರು ಹೇಳುತ್ತಾರೆ. ಒಣಗಿದ ಹಣ್ಣು ಹಾಕಿದ ಬ್ರೆಡ್ ಕಳಿಸಿದ್ದೇನೆ, ಬೆಣ್ಣೆ ಹಚ್ಚಿ ಕೊಡಲು ಹೇಳು, ಒಣದಾಗಿ ತಿಂದು ಗಂಟಲಿಗೆ ಸಿಕ್ಕಿಸಿಕೊಳ್ಳಬೇಡ. ಎಡಗೈ ಅಭ್ಯಾಸ ಬಿಡಬೇಡ. ಮಾತೆ ಮರಿಯಳು ನಿನ್ನನ್ನು ಹಗಲೂ ರಾತ್ರಿ ಕಾಯಲಿ, ನಾನು ಅಲ್ಲಿಲ್ಲದ ಹೊತ್ತೆಲ್ಲ.

ನಿನ್ನವಳೇ,
ನೋನಿ

ಮರೆತ ಮಾತು: ಅಂಚೆಯವನ ಗಾಡಿ ಬ್ಯಾಟ್‌ನ ಗೇಟಿಗೆ ಬಂದಿದೆ, ಬೇಗ ಬರೆಯುತ್ತೇನೆ. ಹೆಸರು ತೆಗೆಸಿದೆ ಎಂದು ಬುಧವಾರ ನರ್ಸಮ್ಮನಿಗೆ ಫೋನ್ ಮಾಡಿ ನಿನಗೆ ಹೇಳಿಸಿದ್ದು ಸುಳ್ಳು. ಪಾಪನಿವೇದನೆಯಲ್ಲಿ ಹೇಳಿಕೊಂಡಿದ್ದೇನೆ, ಫಾದರ್‌ಗೆ ಮೊದಲೇ ಗೊತ್ತಿತ್ತು, ಮೂರು ಜಪ ಹೇಳಲು ಹೇಳಿದರು. ತೆಗೆಸಲಿಲ್ಲ. ಇಪ್ಪತ್ತೇಳಕ್ಕೆ ನಿನ್ನನ್ನು ಎರಡು ದಿನದ ಮಟ್ಟಿಗೆ ಮನೆಗೆ ಬಿಡುತ್ತಾರಲ್ಲ, ಆ ಭಾನುವಾರ ಸಂತ ಪೇತ್ರ ಪೌಲರ ಹಬ್ಬ. ಪೇತ್ರನ ಕೈಯಿಂದ ಸೆರೆಮನೆಯ ಸರಪಳಿ ಕಳಚಿಬೀಳುವ ವಾಚನ, ಕಷ್ಟದ ಊರು ಒಂದೂ ಇಲ್ಲ. ಪಟ್ಟಿಯಲ್ಲಿ ನಿನ್ನ ಹೆಸರೂ ಇದೆ, ಪಕ್ಕದಲ್ಲಿ ನನ್ನದೂ ಇದೆ. ನಾನು ಓದುತ್ತೇನೆ, ನೀನು ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿರು. ಮುಗಿದ ಮೇಲೆ ವಾಚಕರು ಹೇಳುವ 'ಪ್ರಭುವಿನ ವಾಕ್ಯ' ಎಂಬ ಆ ಒಂದು ಮಾತನ್ನು ನಾನು ಹೇಳುವುದಿಲ್ಲ. ಅದು ನಿನ್ನದು. ಕ್ಲೋಡಾ ಶನಿವಾರ ಫೋನ್ ಮಾಡಿದ್ದಳು, ಅವಳು ನಮೋ ಮರಿಯ ಜಪ ಶುರು ಮಾಡಿದರೆ ನೀನು ಅರ್ಧದವರೆಗೆ ಜೊತೆಗೆ ಹೇಳಿದೆಯಂತೆ, ನಿನಗೇ ಗೊತ್ತಿಲ್ಲದೆ. ಎಷ್ಟು ಹೊತ್ತಾದರೂ ಕಾಯುತ್ತೇವೆ, ಯಾರೂ ಎದ್ದು ಹೋಗುವುದಿಲ್ಲ, ಊರೆಲ್ಲ ಒಪ್ಪಿದೆ. ಕೊನೆಗೆ ಬಂದದ್ದು ಗುರುವಾರ ಎಂದೇ ಆದರೆ ಗುರುವಾರ ಎನ್ನು ಟೈಗ್, ಧೈರ್ಯವಾಗಿ ಎನ್ನು. ನಾವೆಲ್ಲ ಎದ್ದು ನಿಂತು, ವಾಚನಕ್ಕೆ ಯಾವಾಗಲೂ ಉತ್ತರಿಸುವ ಹಾಗೆಯೇ 'ದೇವರಿಗೆ ಕೃತಜ್ಞತೆ' ಎನ್ನುತ್ತೇವೆ.